ಪೊರೆ ಬಲಿಯುವ ತನಕ

"ಇನ್ನೂ ಬಲಿತಿಲ್ಲ, ಬಲಿಯಲಿ, ಆಮೇಲೆ ತೆಗೆಸೋಣ." ಕಣ್ಣಿನ ಪೊರೆಯ ಮಾತು ಬಂದಾಗ ಮನೆಮನೆಯಲ್ಲೂ ಈಗಲೂ ಕೇಳುವ ಮಾತಿದು. ವೈದ್ಯರಿಗೆ ಇದು ತಲೆನೋವು. ಪೊರೆ ಎಂದರೆ ಕಣ್ಣೊಳಗಿನ ಮಸೂರವೇ (ಲೆನ್ಸು) ಮಬ್ಬಾಗುವುದು. ಅದು ತೀರಾ ಬಲಿತರೆ ಮಸೂರ ಗಟ್ಟಿಯಾಗುತ್ತದೆ, ಕಣ್ಣಿನ ಒತ್ತಡ ಏರುವುದೂ ಉಂಟು. ಆದರೆ ಒಂದು ಕಾಲದಲ್ಲಿ ಈ ಮಾತು ಮೂಢನಂಬಿಕೆಯಾಗಿರಲಿಲ್ಲ, ವೈದ್ಯರೇ ಕೊಡುತ್ತಿದ್ದ ಸಲಹೆಯಾಗಿತ್ತು.

ಸುಶ್ರುತನ ಕಾಲದಿಂದ ಸೂಜಿಯಲ್ಲಿ ಪೊರೆಯನ್ನು ಕಣ್ಣಿನೊಳಕ್ಕೇ ತಳ್ಳುತ್ತಿದ್ದರು. 1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಅದನ್ನು ಹೊರತೆಗೆದರು. ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ ಜಲಂಧರದಲ್ಲಿ ಹೆನ್ರಿ ಸ್ಮಿತ್ ಎಂಬ ಸೇನಾ ವೈದ್ಯರು ಮಸೂರವನ್ನು ಅದರ ಸುತ್ತಲಿನ ತೆಳು ಚೀಲದ ಸಮೇತ ತೆಗೆಯುವುದರಲ್ಲಿ ಹೆಸರು ಮಾಡಿದ್ದರು. ಕೈಚಳಕವೇನೋ ಬಂತು, ಆದರೆ ಅದು ಹಳ್ಳಿಗೆ ಬರಲಿಲ್ಲ. ಕುರುಡಾದವರು ಇದ್ದದ್ದು ಹಳ್ಳಿಗಳಲ್ಲಿ.

ಹಳ್ಳಿಗೆ ಹೋದ ಮೊದಲಿಗರಲ್ಲಿ ಒಬ್ಬರು ನಮ್ಮ ಬೀಳಗಿಯ ಮುರುಗಪ್ಪ ಚನ್ನವೀರಪ್ಪ ಮೋದಿ. 1916ರಲ್ಲಿ ಹುಟ್ಟಿದವರು, 1940ರ ದಶಕದಿಂದಲೇ ಊರೂರು ತಿರುಗಿ ಶಿಬಿರ ನಡೆಸಿದವರು. ರೋಗಿ ಆಸ್ಪತ್ರೆಗೆ ಬರಲಾರ, ಆದ್ದರಿಂದ ಆಸ್ಪತ್ರೆಯೇ ರೋಗಿಯ ಬಳಿಗೆ ಹೋಗಲಿ ಎಂಬುದು ಅವರ ಲೆಕ್ಕಾಚಾರ. ಶಾಲೆ, ಛತ್ರ, ಸಿಕ್ಕ ಜಾಗವೇ ಆಪರೇಷನ್ ಕೋಣೆ. ಒಂದೇ ದಿನ 833 ಪೊರೆ ತೆಗೆದದ್ದು ಗಿನ್ನೆಸ್ ದಾಖಲೆಯಾಯಿತು. ಇಪ್ಪತ್ನಾಲ್ಕು ಗಂಟೆ ಊಟ ನಿದ್ದೆ ಇಲ್ಲದೆ ನಿಂತರೂ ಒಂದು ಕಣ್ಣಿಗೆ ಎರಡು ನಿಮಿಷ ಸಿಗದ ಲೆಕ್ಕ ಅದು. ಸಹಾಯಕರು ಮುಂದಿನ ರೋಗಿಯನ್ನು ಸಿದ್ಧಗೊಳಿಸಿಕೊಂಡೇ ಇರದಿದ್ದರೆ ಸಾಧ್ಯವೇ ಇರಲಿಲ್ಲ. 1993ರ ಹೊತ್ತಿಗೆ ಅವರು ಮಾಡಿದ ಶಸ್ತ್ರಚಿಕಿತ್ಸೆಗಳು 6 ಲಕ್ಷ ದಾಟಿದ್ದವು. ಸರಕಾರ ಪದ್ಮಶ್ರೀ, ಪದ್ಮಭೂಷಣ ಕೊಟ್ಟಿತು. ಜನ ಕೊಟ್ಟ ಬಿರುದು "ಕಣ್ಣು ಕೊಟ್ಟ ಅಣ್ಣ". ನನಗೆ ಕೇಳಿದರೆ ಮೂರನೆಯದೇ ದೊಡ್ಡದು.

ಆದರೆ ಆ ಕಾಲದ ಕಣ್ಣು ಹೇಗಿರುತ್ತಿತ್ತು? ನಮ್ಮ ಅಜ್ಜಿಗೆ ಇಂಥದೇ ಒಂದು ಶಿಬಿರದಲ್ಲಿ ಆಪರೇಷನ್ ಆಗಿತ್ತು. ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗಿಸಬಾರದೆಂದು ದಿನಗಟ್ಟಲೆ ಅಂಗಾತ ಮಲಗಿಸಿದ್ದರಂತೆ. ಆಮೇಲೆ ಬಂದದ್ದು ಸೋಡಾಬುಡ್ಡಿ ಕನ್ನಡಕ. ಮಸೂರವನ್ನೇ ತೆಗೆದ ಕಣ್ಣಿಗೆ ಸುಮಾರು ಹತ್ತು ಪವರಿನ ಗಾಜು ಬೇಕಿತ್ತು. ಅದರಲ್ಲಿ ಎಲ್ಲವೂ ಕಾಲು ಪಾಲಿಗೂ ಹೆಚ್ಚು ದೊಡ್ಡದಾಗಿ, ಹತ್ತಿರದಲ್ಲೇ ಇದ್ದಂತೆ ಕಾಣುತ್ತದೆ. ಅಜ್ಜಿ ಹೊಸ್ತಿಲು ದಾಟುವಾಗ ಕಾಲನ್ನು ಗೇಣುದ್ದ ಎತ್ತಿ ಇಡುತ್ತಿದ್ದರು. ಚೊಂಬಿನ ನೀರು ಲೋಟದ ಪಕ್ಕಕ್ಕೆ ಬೀಳುತ್ತಿತ್ತು. ಬದಿಯಿಂದ ಬಂದ ಮಕ್ಕಳು ಗಾಜಿನ ಅಂಚು ದಾಟಿ ಫಕ್ಕನೆ ಕಾಣಿಸಿಕೊಂಡಾಗ ಬೆಚ್ಚುತ್ತಿದ್ದರು. ಕನ್ನಡಕ ಒಡೆದ ದಿನ ಮತ್ತೆ ಕುರುಡು. ಇಂಥ ನೋಟಕ್ಕಿಂತ ಇರುವ ನೋಟ ಕೆಡುವ ತನಕ ಕತ್ತರಿ ಹಾಕಿ ಲಾಭವಿರಲಿಲ್ಲ. ಬಲಿಯಲಿ ಎಂಬ ಸಲಹೆಗೆ ಒಂದು ಕಾರಣ ಇದು.

ಇದಕ್ಕೆ ಉತ್ತರ ಆಗಲೇ ಸಿಕ್ಕಿತ್ತು. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಕಣ್ಣೊಳಗೆ ಕೃತಕ ಲೆನ್ಸು ಕೂರಿಸಿದ್ದರು. ಸಹವೃತ್ತಿಯವರು ವರ್ಷಗಟ್ಟಲೆ ಒಪ್ಪಲಿಲ್ಲ. ಒಪ್ಪಿದ ಮೇಲೂ ಬಡವನ ಕಣ್ಣಿಗೆ ಅದು ಬರಲಿಲ್ಲ, ಬೆಲೆ ಅಷ್ಟಿತ್ತು. 1976ರಲ್ಲಿ ಭಾರತ ಅಂಧತ್ವ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮ ತಂದಿತು. ಅದೇ ವರ್ಷ, ಸರಕಾರಿ ಸೇವೆಯಿಂದ ನಿವೃತ್ತರಾದ ಡಾ. ಜಿ. ವೆಂಕಟಸ್ವಾಮಿ ಮದುರೆಯಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಿನ ಆಸ್ಪತ್ರೆ ತೆರೆದರು. ಸಂಧಿವಾತಕ್ಕೆ ಅವರ ಬೆರಳುಗಳು ಸೊಟ್ಟಗಾಗಿದ್ದವು. ಆ ಬೆರಳುಗಳಿಗೇ ಹೊಂದುವ ಉಪಕರಣ ಹಿಡಿದು ಸೂಕ್ಷ್ಮ ಶಸ್ತ್ರಚಿಕಿತ್ಸೆ ಕಲಿತವರು. ಅವರ ಬಳಗ 1992ರಲ್ಲಿ ಅರೋಲ್ಯಾಬ್ ಕಟ್ಟಿ ಲೆನ್ಸನ್ನು ಇಲ್ಲೇ ತಯಾರಿಸಿದ ಮೇಲೆ ಬೆಲೆ ನೂರು ಡಾಲರಿನ ಆಸುಪಾಸಿನಿಂದ ಹತ್ತಕ್ಕಿಳಿಯಿತು. ಒಬ್ಬ ಶಸ್ತ್ರವೈದ್ಯ ತನ್ನ ಕೈಯಿಂದ ಎಷ್ಟು ಕಣ್ಣು ತೆರೆಸಬಹುದೋ ಅದಕ್ಕಿಂತ ಹೆಚ್ಚನ್ನು ಈ ಕಾರ್ಖಾನೆ ತೆರೆಸಿತು.

ಆ ಹೊತ್ತಿಗೆ ಶಿಬಿರಗಳ ಮೇಲೆ ಪ್ರಶ್ನೆಗಳೆದ್ದಿದ್ದವು. ತಾತ್ಕಾಲಿಕ ಕೋಣೆಗಳಲ್ಲಿ ಸೋಂಕು ತಗುಲಿ, ಇದ್ದಷ್ಟು ನೋಟವನ್ನೂ ಕಳಕೊಂಡವರ ಸುದ್ದಿ ಆಗಾಗ ಬರುತ್ತಿತ್ತು. ಗುರಿ ಇದ್ದದ್ದು ಆಪರೇಷನ್ನುಗಳ ಸಂಖ್ಯೆಗೆ, ವರದಿ ಹೋಗುತ್ತಿದ್ದದ್ದೂ ಅದರದ್ದೇ. ಪಟ್ಟಿ ಬಿಚ್ಚಿದ ಮೇಲೆ ಎಷ್ಟು ಜನಕ್ಕೆ ಕಂಡಿತು ಎಂಬ ಕಾಲಂ ಖಾಲಿ ಉಳಿದರೆ ಯಾರೂ ಕೇಳುತ್ತಿರಲಿಲ್ಲ. 1990ರ ದಶಕದ ಸಮೀಕ್ಷೆಗಳು ಆಪರೇಷನ್ ಆದ ಕಣ್ಣುಗಳನ್ನೇ ಪರೀಕ್ಷಿಸಿದಾಗ, ಅವುಗಳಲ್ಲಿ ಸಾಕಷ್ಟು ಕುರುಡಾಗಿಯೇ ಇದ್ದವು. 1994ರಿಂದ 2002ರವರೆಗೆ ಪೊರೆಯಿಂದಾಗುವ ಅಂಧತ್ವ ತಗ್ಗಿಸುವ ವಿಶ್ವಬ್ಯಾಂಕ್ ನೆರವಿನ ಯೋಜನೆ ಏಳು ರಾಜ್ಯಗಳಲ್ಲಿ ನಡೆಯಿತು. ಕರ್ನಾಟಕ ಅದರಲ್ಲಿರಲಿಲ್ಲ. ಶಿಬಿರದಲ್ಲಿ ತಪಾಸಣೆ ಮಾತ್ರ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲೇ ಎಂಬ ಪದ್ಧತಿ ಕ್ರಮೇಣ ಎಲ್ಲೆಡೆ ಬಂತು. ಈಗ ಹಳ್ಳಿಯಿಂದ ವ್ಯಾನು ಹೊರಡುತ್ತದೆ, ಸಂಜೆಗೋ ಮರುದಿನವೋ ವಾಪಸು ಬಿಡುತ್ತದೆ.

ದೇಶದಲ್ಲಿ ಈಗ ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು ಪೊರೆ ಶಸ್ತ್ರಚಿಕಿತ್ಸೆ ನಡೆಯುತ್ತವೆ. ಅಂಧತ್ವದ ಪ್ರಮಾಣ 2006-07ರ ಸಮೀಕ್ಷೆಯಲ್ಲಿ ಶೇ. 1 ಇದ್ದದ್ದು 2015-19ರದರಲ್ಲಿ ಶೇ. 0.36ಕ್ಕೆ ಇಳಿದಿದೆ. ಸಂತೋಷದ ಸುದ್ದಿಯೇ. ಆದರೆ ನಡುವೆ, 2017ರಲ್ಲಿ, ಅಂಧತ್ವದ ವ್ಯಾಖ್ಯೆಯೇ ಬದಲಾಗಿದೆ. ಮೊದಲು ಆರು ಮೀಟರಿನಿಂದಲೂ ದೊಡ್ಡ ಅಕ್ಷರ ಓದಲಾಗದವರು ಅಂಧರ ಲೆಕ್ಕಕ್ಕೆ ಬರುತ್ತಿದ್ದರು, ಈಗ ಮೂರು ಮೀಟರಿಗೆ ಬಂದರೂ ಓದಲಾಗದವರು ಮಾತ್ರ. ಜಾಗತಿಕ ಅಳತೆಗೆ ಹೊಂದಿಸಿದ್ದು ಸರಿ, ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಬೆನ್ನು ತಟ್ಟಿಕೊಳ್ಳುವವರು ಈ ಸಾಲನ್ನೂ ಸೇರಿಸಬೇಕಿತ್ತು.

ಐವತ್ತು ದಾಟಿದ ಅಂಧರಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಾರಣ ಇನ್ನೂ ಪೊರೆಯೇ. ಹೀಗೆ ಪೊರೆಯಲ್ಲೇ ಉಳಿದವರು ಹೆಚ್ಚಾಗಿ ವ್ಯಾನು ಹತ್ತದವರು: ಜೊತೆಗೆ ಬರಲು ಯಾರೂ ಇಲ್ಲದ ಮುದುಕಿಯರು, ಒಂದು ಕಣ್ಣು ಕಂಡರೆ ಸಾಕು ಎಂದು ಇನ್ನೊಂದನ್ನು ಬಿಟ್ಟವರು. ನಮ್ಮ ಅಜ್ಜಿಯ ಕನ್ನಡಕದಲ್ಲೂ ದಪ್ಪ ಗಾಜಿದ್ದದ್ದು ಒಂದೇ ಕಡೆ. ಆ ಭಾರಕ್ಕೆ ಫ್ರೇಮು ಯಾವಾಗಲೂ ಬಲಕ್ಕೆ ವಾಲಿರುತ್ತಿತ್ತು.