ಎಸ್ಟಿಮೇಟ್ 86,000, ಇನ್ಶೂರೆನ್ಸ್‌ನವರು ಕೊಡೋದು 51,000. ಬಾಕಿ ಯಾರ ತಲೆಗೆ?

ಪ್ರಶ್ನೆ: ಲಾರಿಯೊಂದು ರಿವರ್ಸ್ ಬರುವಾಗ ನಮ್ಮ ಕಾರಿನ ಮುಂಭಾಗಕ್ಕೆ ಗುದ್ದಿತು. ಕಾರಿಗೆ ಮೂರೂವರೆ ವರ್ಷ, 1,197 ಸಿಸಿ. ಫುಲ್ ಇನ್ಶೂರೆನ್ಸ್ ಇದೆ, ಝೀರೋ ಡೆಪ್ (ಸವಕಳಿ ಕಳೆಯದೆ ಹಣ ಕೊಡುವ ಹೆಚ್ಚುವರಿ ಕವರ್) ಇಲ್ಲ. ಎಸ್ಟಿಮೇಟ್ 86,000 ರೂಪಾಯಿ. ಕಂಪನಿ 51,000 ಮಾತ್ರ ಕೊಡುತ್ತೇವೆ ಎನ್ನುತ್ತಿದೆ. ಉಳಿದ 35,000 ನಾವೇ ಕಟ್ಟಬೇಕಾ?

ಉತ್ತರ: ಪೂರ್ತಿ ಕಟ್ಟಬೇಕಿಲ್ಲ. ಹಾಗಂತ ಪೂರ್ತಿ 35,000ಕ್ಕೂ ಜಗಳಕ್ಕೆ ನಿಂತರೆ ಗೆಲ್ಲುವುದೂ ಇಲ್ಲ. ನಿಯಮದ ಪ್ರಕಾರ ಕಡಿತ ಆಗೋದು ಎಷ್ಟು, ನಷ್ಟ ಲೆಕ್ಕ ಹಾಕಲು ಬಂದ ಸರ್ವೇಯರ್ ತನ್ನ ಅಂದಾಜಿನಲ್ಲಿ ಕತ್ತರಿಸಿದ್ದು ಎಷ್ಟು ಅಂತ ಮೊದಲು ಬೇರೆ ಮಾಡಿ.

ನಿಮ್ಮ ಎಸ್ಟಿಮೇಟನ್ನೇ ತೆಗೆದುಕೊಳ್ಳೋಣ. ಬಂಪರ್, ಹೆಡ್‌ಲೈಟ್ ಸೇರಿ ಪ್ಲಾಸ್ಟಿಕ್ ಭಾಗಗಳು 24,000. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರಿಗೆ ಅರ್ಧ ಸವಕಳಿ (ಭಾಗ ಹಳೆಯದಾಗಿದ್ದಕ್ಕೆ ಮಾಡುವ ಕಡಿತ), ಅಂದರೆ ಸಿಗೋದು 12,000. ಬಾನೆಟ್, ಫೆಂಡರ್ 20,000. ಮೂರರಿಂದ ನಾಲ್ಕು ವರ್ಷದ ಕಾರಿನ ಲೋಹದ ಭಾಗಕ್ಕೆ ಶೇ. 25 ಕಳೆಯುತ್ತಾರೆ, ಸಿಗೋದು 15,000. ಮುಂದಿನ ಗಾಜು 8,000, ಗಾಜಿಗೆ ಸವಕಳಿ ಇಲ್ಲ. ಲೇಬರ್ 14,000, ಅದಕ್ಕೂ ಇಲ್ಲ. ಪೇಂಟಿಂಗ್ 20,000. ಅದರಲ್ಲಿ ಕಾಲು ಭಾಗವನ್ನು ಬಣ್ಣದ ಬೆಲೆ ಅಂತ ಹಿಡಿದು, ಆ 5,000ದಲ್ಲಿ ಅರ್ಧ ಕಳೆಯುತ್ತಾರೆ. ಉಳಿಯೋದು 17,500. ಎಲ್ಲ ಕೂಡಿಸಿದರೆ 66,500. 1,500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಹಿಡಿಯುವ 1,000 ತೆಗೆದರೆ 65,500.

ಹಾಗಾದರೆ 20,500 ನಿಮ್ಮ ಕೈಯಿಂದಲೇ ಹೋಗಬೇಕು. ಬೇಜಾರಿನ ಸಂಗತಿ, ಆದರೆ ಆ ಕಡ್ಡಾಯದ 1,000 ಬಿಟ್ಟರೆ ಉಳಿದದ್ದು ಝೀರೋ ಡೆಪ್ ತಗೊಳ್ಳದ್ದಕ್ಕೆ ಬೀಳುವ ಹೊರೆ. ನಿಜವಾದ ತಕರಾರು ಇರೋದು 14,500ಕ್ಕೆ.

ಅದು ಎಲ್ಲಿ ಹೋಯಿತು ಅನ್ನೋದು ಸರ್ವೇ ರಿಪೋರ್ಟಿನಲ್ಲಿ ಇರುತ್ತದೆ. ಅದರ ಪ್ರತಿಯನ್ನು ಇಮೇಲ್‌ನಲ್ಲಿ ಕೇಳಿ. ಫೋನಿನಲ್ಲಿ ಎಷ್ಟು ಮಾತಾಡಿದರೂ ದಾಖಲೆ ಉಳಿಯುವುದಿಲ್ಲ. ಸಾಮಾನ್ಯವಾಗಿ ಎರಡು ಸಾಲು ಕಾಣಿಸುತ್ತವೆ. ಒಂದು, ‘ಬಾನೆಟ್ ಬದಲಿಸೋದು ಬೇಡ, ಟಿಂಕರಿಂಗ್ ಸಾಕು’. ಇದಕ್ಕೆ ಸರ್ವೀಸ್ ಸೆಂಟರಿನಿಂದ ಯಾಕೆ ರಿಪೇರಿ ಆಗಲ್ಲ ಅಂತ ಲಿಖಿತವಾಗಿ ಬರೆಸಿಕೊಳ್ಳಿ. ಇನ್ನೊಂದು, ‘ಇದು ಹಳೇ ಡ್ಯಾಮೇಜ್’. ಇಲ್ಲಿ ಕೆಲಸಕ್ಕೆ ಬರೋದು ಹಿಂದಿನ ಸರ್ವೀಸಿನ ಜಾಬ್ ಕಾರ್ಡ್. ಕಾರು ಒಳಗೆ ತಗೊಳ್ಳುವಾಗ ಇದ್ದಬದ್ದ ಗೆರೆ, ನಗ್ಗು ಎಲ್ಲ ಅದರಲ್ಲಿ ಗುರುತು ಹಾಕಿರುತ್ತಾರೆ. ಫೆಂಡರಿನ ಜಾಗ ಖಾಲಿ ಇದ್ದರೆ ಅದೇ ನಿಮ್ಮ ಸಾಕ್ಷಿ. ಮರುಪರಿಶೀಲನೆ ಕೇಳಿ, ಅದು ಮುಗಿಯುವ ತನಕ ಬಿಚ್ಚಿದ ಭಾಗಗಳನ್ನು ಗುಜರಿಗೆ ಹಾಕಲು ಬಿಡಬೇಡಿ.

‘ಸರ್ವೇಯರ್ ಹೇಳಿದ ಮೇಲೆ ಮುಗಿಯಿತು’ ಅನ್ನುವ ಮಾತಿಗೆ ಹೆದರಬೇಡಿ. ಸರ್ವೇ ವರದಿಯೇ ಕೊನೆಯ ಮಾತಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ.

ಆಮೇಲೆ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಿ, 155255ಕ್ಕೆ ಕರೆ ಮಾಡಿದರೂ ದೂರು ದಾಖಲಾಗುತ್ತದೆ. ಒಂದು ತಿಂಗಳು ಕಾದರೂ ಉತ್ತರ ಬರಲಿಲ್ಲ, ಅಥವಾ ಬಂದ ಉತ್ತರ ಒಪ್ಪಿಗೆಯಾಗಲಿಲ್ಲ ಅಂದರೆ ಇಂಥ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕ ಇಲ್ಲ, ವಕೀಲರೂ ಬೇಡ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಅವರು ಕೊಟ್ಟ ತೀರ್ಪಿಗೆ ಕಂಪನಿ ಬದ್ಧ.

ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು, ಅದಕ್ಕೆ ಎರಡು ವರ್ಷ ಅವಕಾಶ. ಆದರೆ ಅಲ್ಲಿ ಕೇಸು ನಡೆಯುತ್ತಿದ್ದರೆ ಓಂಬುಡ್ಸ್‌ಮನ್ ಅದೇ ದೂರನ್ನು ತಗೊಳ್ಳುವುದಿಲ್ಲ. 14,500ಕ್ಕೆ ನಾನಾದರೆ ಓಂಬುಡ್ಸ್‌ಮನ್ ಹತ್ತಿರವೇ ಮೊದಲು ಹೋಗುತ್ತೇನೆ.

ಈ ನಡುವೆ ಗ್ಯಾರೇಜಿನವರು ಕಾರು ಬಿಡೋಕೆ ಸೆಟಲ್‌ಮೆಂಟ್ ಪೇಪರಿಗೆ ಸಹಿ ಕೇಳುತ್ತಾರೆ. ಸಹಿ ಹಾಕಿ, ಆದರೆ ಪಕ್ಕದಲ್ಲಿ ‘ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ’ ಅಂತ ನಿಮ್ಮ ಕೈಯಾರೆ ಬರೆದು, ಅದರ ಫೋಟೋ ಇಟ್ಟುಕೊಳ್ಳಿ.