ಸುಳ್ಳು ಶಿಳ್ಳೆಗೆ ಗದ್ದಲವೇ ಮದ್ದು: ಡೆಲ್ಟಾ-ಸಿಗ್ಮಾ ಎಡಿಸಿಗೆ ಡಿದರ್ ಬಂದ ಕಥೆ

ಆಡಿಯೋ ಎಡಿಸಿಯೊಂದರ (ವಿದ್ಯುತ್ ಸಿಗ್ನಲನ್ನು ಅಂಕಿಗಳಾಗಿ ಅಳೆಯುವ ಚಿಪ್) ಇನ್‌ಪುಟ್‌ಗೆ ಏನನ್ನೂ ಕೊಟ್ಟಿಲ್ಲ. ಹೆಡ್‌ಫೋನಿನಲ್ಲಿ ಬರೀ ಸಣ್ಣ ಮೊರೆತ ಕೇಳಬೇಕು. ಆದರೆ ಅದರ ಹಿಂದೆ ಸೊಳ್ಳೆ ಹಾಡಿದ ಹಾಗೆ ತೆಳ್ಳನೆಯ ಶಿಳ್ಳೆ. ಇನ್‌ಪುಟ್ಟಿನ ಡಿಸಿ ಮಟ್ಟವನ್ನು, ಅಂದರೆ ಏರಿಳಿಯದೆ ನಿಂತ ವೋಲ್ಟೇಜನ್ನು, ಒಂದು ಕೂದಲೆಳೆಯಷ್ಟು ಏರಿಸಿದರೆ ಶಿಳ್ಳೆಯ ಸ್ವರವೂ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಡೆಲ್ಟಾ-ಸಿಗ್ಮಾ ಅನ್ನೋ ಬಗೆಯ ಎಡಿಸಿಗಳ ಈ ಕಾಟಕ್ಕೆ ಐಡಲ್ ಟೋನ್ ಅಂತ ಹೆಸರು. ಅದನ್ನು ಓಡಿಸಲು ಎಂಜಿನಿಯರುಗಳು ಕಂಡುಕೊಂಡ ಉಪಾಯ ಕೇಳಿದರೆ ನಗು ಬರಬಹುದು. ಬೇಕಂತಲೇ ಇನ್ನಷ್ಟು ಗದ್ದಲ ಸೇರಿಸುವುದು! ಅದೇ ಡಿದರ್.

ಉಪಾಯ ಡೆಲ್ಟಾ-ಸಿಗ್ಮಾಗಿಂತ ಹಳೆಯದು. ಇಂಗ್ಲಿಷಿನಲ್ಲಿ ಡಿದರ್ ಅಂದರೆ ನಡುಗುವುದು. ಎರಡನೇ ಮಹಾಯುದ್ಧದ ಬಾಂಬರ್ ವಿಮಾನಗಳಲ್ಲಿದ್ದ ಗೇರು-ಚಕ್ರಗಳ ಲೆಕ್ಕಯಂತ್ರಗಳು ನೆಲದ ಮೇಲಿಗಿಂತ ಹಾರಾಟದಲ್ಲೇ ಸರಿಯಾಗಿ ಲೆಕ್ಕ ಹೇಳುತ್ತಿದ್ದವು ಅನ್ನೋ ಕಥೆಯನ್ನು ಈ ಕ್ಷೇತ್ರದವರು ಪದೇ ಪದೇ ಹೇಳುತ್ತಾರೆ. ಅಲ್ಲಲ್ಲೇ ಕಚ್ಚಿಕೊಳ್ಳುವ ಚಕ್ರಗಳನ್ನು ಎಂಜಿನ್ನಿನ ನಡುಕ ಬಿಡಿಸುತ್ತಿತ್ತಂತೆ. ಕಥೆಗೆ ಸ್ವಲ್ಪ ಬಣ್ಣ ಹಚ್ಚಿರಬಹುದು, ತತ್ವ ಮಾತ್ರ ನಿಜ. ಒತ್ತಡದ ಮೀಟರನ್ನು ಬೆರಳಲ್ಲಿ ಒಮ್ಮೆ ತಟ್ಟಿ ಆಮೇಲೆ ಮುಳ್ಳು ನೋಡುವವರು ಮಾಡುವುದೂ ಇದನ್ನೇ ಅಲ್ವಾ?

1948ರಲ್ಲಿ ಬೆಲ್ ಲ್ಯಾಬ್ಸ್‌ನ ಡಬ್ಲ್ಯು.ಆರ್. ಬೆನೆಟ್ ಒಂದು ಅನುಕೂಲದ ಲೆಕ್ಕ ಕೊಟ್ಟರು. ಸಿಗ್ನಲನ್ನು ಮೆಟ್ಟಿಲು ಮೆಟ್ಟಿಲಾಗಿ ಅಳೆದಾಗ ಉಳಿಯುವ ತಪ್ಪನ್ನು ಸಾಧಾರಣ ಗದ್ದಲ ಅಂತಲೇ ಎಣಿಸಬಹುದು. ಅದರ ಪ್ರಮಾಣ, ಮೆಟ್ಟಿಲಿನ ಎತ್ತರದ ವರ್ಗದ 12ನೇ ಒಂದು ಭಾಗ. ಆದರೆ ಒಂದು ಷರತ್ತು: ಸಿಗ್ನಲ್ ಹಲವು ಮೆಟ್ಟಿಲುಗಳ ಮೇಲೆ ಚುರುಕಾಗಿ ಓಡಾಡುತ್ತಿರಬೇಕು. ಲೆಕ್ಕವನ್ನು ಎಲ್ಲರೂ ನೆನಪಿಟ್ಟುಕೊಂಡರು. ಷರತ್ತನ್ನು ಮರೆತರು. ನನ್ನ ಪ್ರಕಾರ ಮುಂದಿನ ಅರ್ಧ ತಲೆನೋವು ಹುಟ್ಟಿದ್ದು ಇಲ್ಲೇ.

1962ರಲ್ಲಿ ಲಾರೆನ್ಸ್ ರಾಬರ್ಟ್ಸ್ ಅದೇ ತೊಂದರೆಯನ್ನು ಚಿತ್ರಗಳಲ್ಲಿ ಹಿಡಿದರು. ಆಮೇಲೆ ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್ ಕಟ್ಟಿಸಿದ ರಾಬರ್ಟ್ಸ್ ಇವರೇ. ಕೆಲವೇ ಬಿಟ್‌ಗಳಲ್ಲಿ ಚಿತ್ರ ಕಳಿಸಿದರೆ ನುಣುಪಾದ ಕೆನ್ನೆಯ ಮೇಲೂ ಪಟ್ಟಿ ಪಟ್ಟಿ ಗೆರೆಗಳು ಕಾಣುತ್ತವೆ. ಅಳೆಯುವ ಮುನ್ನ ಒಂದಿಷ್ಟು ಹುಸಿ-ಯಾದೃಚ್ಛಿಕ (ಕ್ರಮವಿಲ್ಲದ ಹಾಗೆ ಕಂಡರೂ ಮತ್ತೆ ಅದೇ ರೀತಿ ಹುಟ್ಟಿಸಬಲ್ಲ) ಗದ್ದಲ ಸೇರಿಸಿ, ಆ ಕಡೆ ಅದನ್ನೇ ಕಳೆದರೆ ಪಟ್ಟಿಗಳು ಮಾಯ. ಉಳಿಯುವುದು ಕಣ್ಣಿಗೆ ಅಷ್ಟು ಚುಚ್ಚದ ನವಿರು ಕಾಳು. 1964ರಲ್ಲಿ ಲೆನಾರ್ಡ್ ಶುಕ್‌ಮನ್ ಇದಕ್ಕೆ ಗಟ್ಟಿ ಗಣಿತ ಕೊಟ್ಟರು.

ಅದೇ 1962ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಇನೋಸೆ, ಯಸುಡಾ ಮತ್ತು ಮುರಾಕಾಮಿ ಡೆಲ್ಟಾ-ಸಿಗ್ಮಾ ಮಾಡ್ಯುಲೇಶನ್ ಪ್ರಕಟಿಸಿದರು. ಉಪಾಯ ಸರಳ. ಬಂದದ್ದನ್ನೆಲ್ಲ ಕೂಡಿಡುವ ಒಂದು ಇಂಟಿಗ್ರೇಟರ್, ಪ್ಲಸ್ ಅಥವಾ ಮೈನಸ್ ಅಂತಷ್ಟೇ ಹೇಳುವ ಒಂದು ಕಂಪ್ಯಾರೇಟರ್, ಅದರ ಉತ್ತರವನ್ನು ಇನ್‌ಪುಟ್ಟಿನಿಂದ ಕಳೆಯುವ ಒಂದು ಲೂಪ್. ಒಂದೊಂದು ಉತ್ತರವೂ ಒರಟು. ಆದರೆ ಬಹಳ ವೇಗವಾಗಿ ಬರುವ ಸಾವಿರಾರು ಉತ್ತರಗಳ ಸರಾಸರಿ ಬಹಳ ನಿಖರ.

ಕಾಗದದ ಮೇಲೇ ಮಾಡಿ ನೋಡಿ. ಇನ್‌ಪುಟ್ 0.2 ಇರಲಿ, ಇಂಟಿಗ್ರೇಟರ್ ಸೊನ್ನೆಯಿಂದ ಶುರುವಾಗಲಿ. ಸೊನ್ನೆ ಅಥವಾ ಜಾಸ್ತಿ ಇದ್ದರೆ ಉತ್ತರ +1, ಕಮ್ಮಿ ಇದ್ದರೆ -1. ಪ್ರತಿ ಹೆಜ್ಜೆಗೂ 0.2 ಕೂಡಿ, ಉತ್ತರವನ್ನು ಕಳೆಯಿರಿ. ಇಂಟಿಗ್ರೇಟರಿನಲ್ಲಿ ಬರುವುದು 0, -0.8, 0.4, -0.4, 0.8, ಮತ್ತೆ 0. ಉತ್ತರಗಳು ಪ್ಲಸ್, ಮೈನಸ್, ಪ್ಲಸ್, ಮೈನಸ್, ಪ್ಲಸ್. ಐದರ ಮೊತ್ತ 1, ಸರಾಸರಿ 0.2. ಲೆಕ್ಕ ಪಕ್ಕಾ!

ಆದರೆ ಆರನೇ ಹೆಜ್ಜೆಯಿಂದ ಅದೇ ಹಾಡು ಮತ್ತೆ ಶುರು. ಐದು ಹೆಜ್ಜೆಗೊಮ್ಮೆ ತಿರುಗಿ ಬರುವ ಏರಿಳಿತ ಅಂದರೆ ಅದೊಂದು ಸ್ವರ. ಇಲ್ಲಿ ಅದರ ಆವರ್ತನ ತುಂಬಾ ಮೇಲಿದೆ, ಉತ್ತರಗಳ ಸರಾಸರಿ ಹಿಡಿಯುವ ಫಿಲ್ಟರ್ ಅದನ್ನು ತೆಗೆದುಹಾಕುತ್ತದೆ. ಇನ್‌ಪುಟ್ ಚಿಕ್ಕದಾದರೆ ಕಥೆಯೇ ಬೇರೆ. ಕ್ಲಾಕ್ ಸೆಕೆಂಡಿಗೆ 10 ಲಕ್ಷ ಸಲ ಬಡಿಯುತ್ತಿದೆ, ಇನ್‌ಪುಟ್ ಪೂರ್ಣ ಮಟ್ಟದ ಸಾವಿರದ ಒಂದು ಭಾಗ ಅಂದುಕೊಳ್ಳಿ. ಪ್ಲಸ್-ಮೈನಸ್ ಸಾಲಿನಲ್ಲಿ ಸುಮಾರು ಸಾವಿರ ಹೆಜ್ಜೆಗೊಂದು ಪ್ಲಸ್ ಜಾಸ್ತಿ ಬೀಳುತ್ತದೆ. ಸೆಕೆಂಡಿಗೆ ಸಾವಿರ ಸಲ. ಕಿವಿಗೆ ಚೆನ್ನಾಗಿ ಕೇಳುವ 1 ಕಿಲೋಹರ್ಟ್ಸ್. ಸೊಳ್ಳೆ ಹುಟ್ಟಿತು.

ಆಡಿಯೋ ಬಿಡಿ, ತೂಕ ಅಥವಾ ಉಷ್ಣತೆ ಅಳೆಯುವವರಿಗೆ ಇದು ಇನ್ನೊಂದು ವೇಷದಲ್ಲಿ ಬರುತ್ತದೆ. ಇನ್‌ಪುಟ್ ಪೂರ್ಣ ಮಟ್ಟದ 10 ಲಕ್ಷದ ಒಂದು ಭಾಗವಾದರೆ ಸ್ವರ 1 ಹರ್ಟ್ಸ್‌ಗೆ ಇಳಿಯುತ್ತದೆ. ಆಗ ರೀಡಿಂಗ್ ಹೆಚ್ಚಿನ ಹೊತ್ತು ಸೊನ್ನೆ, ಸೆಕೆಂಡಿಗೊಮ್ಮೆ ಒಂದು ಎಗರು. ಇನ್ನೂ ನಿಧಾನವಾದರೆ ನೋಡಿದವರು ಸೆನ್ಸರನ್ನು ಬೈಯುತ್ತಾರೆ, ತಾಪಮಾನವನ್ನು ಬೈಯುತ್ತಾರೆ. ಆಂಪ್ಲಿಫೈಯರಿನ ಗೇನ್ ಕಮ್ಮಿಯಿದ್ದು ಇಂಟಿಗ್ರೇಟರ್ ಸ್ವಲ್ಪ ಸೋರುತ್ತಿದ್ದರೆ ಇನ್ನೂ ಕೆಟ್ಟದ್ದು. ಸೊನ್ನೆಯ ಆಸುಪಾಸಿನ ಚಿಕ್ಕ ಇನ್‌ಪುಟ್‌ಗಳಿಗೆ ಔಟ್‌ಪುಟ್ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಇದೇ ಡೆಡ್ ಝೋನ್.

ಡೆಲ್ಟಾ-ಸಿಗ್ಮಾ ಚಿಪ್ಪಿನ ಮೇಲೆ ಇಳಿಯಲು 1980ರ ದಶಕ ಬರಬೇಕಾಯಿತು. ಹಿಂದೆ ಕೂರುವ ಡಿಜಿಟಲ್ ಫಿಲ್ಟರ್ ಅಲ್ಲಿಯವರೆಗೆ ದುಬಾರಿ. ಅದೇ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ರಾಬರ್ಟ್ ಗ್ರೇ ಲೂಪಿನೊಳಗಿನ ತಪ್ಪನ್ನು ಅಂದಾಜು ಬಿಟ್ಟು ನೇರವಾಗಿ ಲೆಕ್ಕ ಹಾಕಿದರು. ಒಂದನೇ ದರ್ಜೆಯ (ಒಂದೇ ಇಂಟಿಗ್ರೇಟರಿನ) ಲೂಪಿನಲ್ಲಿ ಅದು ಎಲ್ಲ ಆವರ್ತನಗಳಲ್ಲೂ ಸಮವಾಗಿ ಹರಡುವ ಬಿಳಿ ಗದ್ದಲ ಅಲ್ಲವೇ ಅಲ್ಲ, ಬಿಡಿ ಬಿಡಿ ಸ್ವರಗಳ ಗೊಂಚಲು ಅಂತ ಸಾಬೀತಾಯಿತು. 1991ರಲ್ಲಿ ಚೌ ಮತ್ತು ಗ್ರೇ ಇನ್ನೊಂದು ಮುಖ ತೋರಿಸಿದರು. ತಕ್ಕ ಡಿದರ್ ಇದ್ದು ಕ್ವಾಂಟೈಸರ್ (ಮೆಟ್ಟಿಲು ಆರಿಸುವ ಭಾಗ; ಒಂದು ಬಿಟ್ಟಿನ ಲೂಪಿನಲ್ಲಿ ಕಂಪ್ಯಾರೇಟರ್) ಮಿತಿ ಮೀರದಿದ್ದರೆ, ತಪ್ಪು ನಿಜಕ್ಕೂ ಬಿಳಿ ಗದ್ದಲವಾಗುತ್ತದೆ.

ಡಿದರನ್ನು ಎಲ್ಲಿ ಸೇರಿಸಬೇಕು? ಇನ್‌ಪುಟ್ಟಿನಲ್ಲಿ ಸುರಿದರೆ ಸಿಗ್ನಲಿನ ಜೊತೆಗೇ ಹೊರಬರುತ್ತದೆ, ಸುಮ್ನೆ ನಷ್ಟ. ಕಂಪ್ಯಾರೇಟರಿನ ಬಾಗಿಲಲ್ಲೇ ಸೇರಿಸುವುದು ಜಾಣತನ. ಅಳತೆಯ ತಪ್ಪನ್ನು ಮೇಲಿನ ಆವರ್ತನಗಳಿಗೆ ತಳ್ಳುವ ಲೂಪ್ ಡಿದರನ್ನೂ ಜೊತೆಗೇ ತಳ್ಳುತ್ತದೆ, ಫಿಲ್ಟರ್ ಎರಡನ್ನೂ ಕತ್ತರಿಸುತ್ತದೆ. ಗದ್ದಲ ಹುಟ್ಟಿಸಲು ಕೆಲವು ಫ್ಲಿಪ್‌ಫ್ಲಾಪ್‌ಗಳ ಶಿಫ್ಟ್ ರಿಜಿಸ್ಟರ್, ಅಂದರೆ ಬಿಟ್‌ಗಳನ್ನು ಸಾಲಾಗಿ ಮುಂದೆ ತಳ್ಳುವ ಸಣ್ಣ ಸರ್ಕ್ಯೂಟ್, ಸಾಕು. ಆದರೂ ಪುಕ್ಕಟೆ ಅಲ್ಲ. ಗದ್ದಲದ ಮಟ್ಟ ಸ್ವಲ್ಪ ಏರುತ್ತದೆ, ಲೂಪ್ ತಾಳುವ ಗರಿಷ್ಠ ಇನ್‌ಪುಟ್ ಸ್ವಲ್ಪ ಇಳಿಯುತ್ತದೆ.

ಎಷ್ಟು ಸೇರಿಸಬೇಕು ಅನ್ನೋದರ ಮೇಲೆ ದೊಡ್ಡ ಜಗಳವೇ ಆಯಿತು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಲಿಪ್‌ಶಿಟ್ಜ್ ಮತ್ತು ವ್ಯಾಂಡರ್ಕೂಯ್ 1980ರ ದಶಕದಿಂದಲೇ ಹೇಳುತ್ತಿದ್ದದ್ದು ಎರಡು ಮೆಟ್ಟಿಲು ಅಗಲದ, ತ್ರಿಕೋನ ಹಂಚಿಕೆಯ (ನಡುವಿನ ಬೆಲೆಗಳು ಹೆಚ್ಚು, ಅಂಚಿನವು ಕಮ್ಮಿ ಬರುವ) ಡಿದರ್. ಅಷ್ಟಿದ್ದರೆ ತಪ್ಪಿನ ಸರಾಸರಿಯಾಗಲಿ ಬಲವಾಗಲಿ ಸಿಗ್ನಲ್ ನೋಡಿ ಬದಲಾಗುವುದಿಲ್ಲ. 1999ರಲ್ಲಿ ಸೆಕೆಂಡಿಗೆ 28,22,400 ಒಂಟಿ ಬಿಟ್‌ಗಳ (ಅಂದರೆ ಬರೀ ಪ್ಲಸ್-ಮೈನಸ್ ಉತ್ತರಗಳ) ಸೂಪರ್ ಆಡಿಯೋ ಸಿಡಿ ಬಂತು. 2001ರಲ್ಲಿ ಇಬ್ಬರೂ ಬಾಂಬ್ ಹಾಕಿದರು: ಒಂದು ಬಿಟ್ಟಿಗೆ ಇರುವುದೇ ಒಂದು ಮೆಟ್ಟಿಲು, ಅದರಲ್ಲಿ ಎರಡು ಮೆಟ್ಟಿಲಿನ ಡಿದರ್ ಹಿಡಿಸುವುದಾದರೂ ಹೇಗೆ? ಮೇಲಿನ ದರ್ಜೆಯ ಲೂಪ್‌ಗಳ ನಡೆ ಸಾಕಷ್ಟು ಗೋಜಲಾಗಿರುತ್ತದೆ, ಅರ್ಧ ಡಿದರ್ ಸಾಕು ಅನ್ನೋದು ಎದುರು ಪಕ್ಷದ ವಾದ. ಗಣಿತ ವಾಟರ್‌ಲೂ ಕಡೆಗಿದೆ ಅಂತ ನನಗನಿಸುತ್ತದೆ. ಕೇಳುವವರಿಗೆ ಎಷ್ಟು ವ್ಯತ್ಯಾಸ ಗೊತ್ತಾಗುತ್ತದೆ ಅನ್ನೋದು ಬೇರೆ ಮಾತು. ಚಿಪ್ ಮಾಡುವವರಂತೂ ಆಡಿಯೋದಲ್ಲಿ ಹೆಚ್ಚಾಗಿ ಬಹು-ಬಿಟ್ ಕ್ವಾಂಟೈಸರ್ ಕಡೆ ವಾಲಿದರು. ಅಲ್ಲಿ ಮೆಟ್ಟಿಲು ಸಣ್ಣ, ಡಿದರಿಗೆ ಜಾಗ ಜಾಸ್ತಿ.

ಕೆಲವು ಚಿಪ್‌ಗಳಲ್ಲಿ ಡಿದರ್ ಆನ್-ಆಫ್ ಮಾಡಲು ರಿಜಿಸ್ಟರಿನಲ್ಲಿ ಬಿಟ್ ಕೊಟ್ಟಿರುತ್ತಾರೆ. ಅದನ್ನು ಆಫ್ ಮಾಡಿ, ಡಿಸಿ ಇನ್‌ಪುಟ್ಟನ್ನು ನಿಧಾನಕ್ಕೆ ಏರಿಸುತ್ತಾ ಸ್ಪೆಕ್ಟ್ರಮ್ ನೋಡಿ. ಶಿಳ್ಳೆಗಳು ಮೂಲೆಯಿಂದ ಮೂಲೆಗೆ ಓಡಾಡುತ್ತವೆ. ಆನ್ ಮಾಡಿದ ಮೇಲೂ ಒಂದು ಉಳಿದರೆ ಅಳತೆಗೋಲಾಗಿ ಬಳಸುವ ರೆಫರೆನ್ಸ್ ವೋಲ್ಟೇಜಿನ ಪಿನ್ನನ್ನು ಪರೀಕ್ಷಿಸಿ. ಕ್ಲಾಕಿನ ಅರ್ಧ ಆವರ್ತನದ ಹತ್ತಿರ ಬಲವಾದ ಸ್ವರಗಳು ಅಡಗಿರುತ್ತವೆ. ಆ ಅರ್ಧ ಕ್ಲಾಕ್ ಒಂದಿಷ್ಟು ರೆಫರೆನ್ಸಿಗೆ ಸೋರಿದರೂ ಸಾಕು, ಮೇಲಿದ್ದ ಸೊಳ್ಳೆ ಸೀದಾ ಕೆಳಗಿಳಿದು ಮತ್ತೆ ಕಿವಿಯ ಪಕ್ಕ ಹಾಡುತ್ತದೆ.