ಶುರುವಲ್ಲೇ ಒಂದು ಅಮೈನೋ ಆಸಿಡ್ ಜಾಸ್ತಿ ಆದ್ರೆ?

ಮಂಡ್ಯ ಕಡೆ ಕಬ್ಬು ಕಡಿಯೋವಾಗ ಬೆರಳಿಗೆ ಮಚ್ಚು ತಾಗಿ ಗಾಯ ಕೀವು ಕಟ್ತು ಅಂದ್ರೆ ಮೊದಲು ಬೈಸ್ಕೊಳ್ಳೋದು ಬದನೆಕಾಯಿ. ನಂಜು ಕಣೋ, ತಿನ್ಬಾರ್ದಿತ್ತು ಅಂತಾರೆ. ಬದನೆಕಾಯಿನ ಇನ್ನಾದ್ರೂ ಬಿಟ್ಬಿಡಿ. ಕೀವಲ್ಲಿ ತುಂಬಿರೋದು ಬ್ಯಾಕ್ಟೀರಿಯಾ ಜೊತೆ ಹೊಡೆದಾಡಿ ಸತ್ತ ಬಿಳಿ ರಕ್ತಕಣಗಳು, ಅದ್ರಲ್ಲೂ ನ್ಯೂಟ್ರೋಫಿಲ್‌ಗಳು. ರಕ್ತದಲ್ಲಿ ಹರೀತಿದ್ದ ಅವಕ್ಕೆ ಬೆರಳಿನ ಅದೇ ಜಾಗಕ್ಕೆ ಬನ್ನಿ ಅಂತ ಹೇಳಿದ್ದು ಕೀಮೋಕೈನ್ ಅನ್ನೋ ಪುಟಾಣಿ ಪ್ರೋಟೀನ್‌ಗಳು.

ನ್ಯೂಟ್ರೋಫಿಲ್ ಕರೆಯೋದ್ರಲ್ಲಿ ಮುಖ್ಯವಾದದ್ದು ಐಎಲ್-8, ಸಿಕ್ಕಿದ್ದು 1987ರಲ್ಲಿ, ಬರೀ 72 ಅಮೈನೋ ಆಸಿಡ್ ಉದ್ದ (ಪ್ರೋಟೀನ್ ಒಂದು ಸರ ಅಂದ್ರೆ ಅಮೈನೋ ಆಸಿಡ್‌ಗಳು ಅದರ ಮಣಿಗಳು). ಊರಲ್ಲಿ ಆಲೆಮನೆ ಎಲ್ಲಿದೆ ಅಂತ ಯಾರನ್ನೂ ಕೇಳ್ಬೇಕಾಗಿಲ್ಲ, ಪಾಕದ ವಾಸನೆ ಗಾಢ ಆಗ್ತಾ ಹೋದ ಕಡೆ ನಡೆದ್ರೆ ಆಯ್ತು, ಕಣಗಳು ಮಾಡೋದೂ ಅದನ್ನೇ, ಕೀಮೋಕೈನ್ ಎಲ್ಲಿ ಜಾಸ್ತಿ ಇದೆಯೋ ಅತ್ತ ತೆವಳ್ತವೆ.

ಇದನ್ನ ಲ್ಯಾಬಲ್ಲಿ ಪರೀಕ್ಷೆ ಮಾಡ್ಬೇಕಂದ್ರೆ ಶುದ್ಧ ಕೀಮೋಕೈನ್ ಬೇಕಲ್ಲ. ಅದು ಬರೋ ಪುಟ್ಟ ಬಾಟ್ಲಿ (ವಯಲ್) ಮೇಲೆ ರಿಕಾಂಬಿನೆಂಟ್ ಹ್ಯೂಮನ್ ಅಂತ ಇರೋದು ನೋಡಿ ಯಾರದೋ ರಕ್ತದಿಂದ ತೆಗೆದದ್ದು ಅಂದ್ಕೋತಾರೆ, ಹಾಗಲ್ಲ. ಜೀನ್ ಮಾತ್ರ ಮನುಷ್ಯರದು, ಅದನ್ನ ಸಾಮಾನ್ಯವಾಗಿ ಇ. ಕೋಲೈ ಬ್ಯಾಕ್ಟೀರಿಯಾದೊಳಗೆ ಸೇರಿಸಿ ಪ್ರೋಟೀನ್ ಬೆಳೆಸ್ತಾರೆ. 1978ರಲ್ಲಿ ಮನುಷ್ಯರ ಇನ್ಸುಲಿನ್ ಮಾಡಿದ್ದೂ ಇದೇ ದಾರೀಲಿ. ಎಷ್ಟೋ ಸಲ ಪ್ರೋಟೀನ್ ಅಲ್ಲೇ ಗಂಟುಗಟ್ಟಿ ಕೂತಿರುತ್ತೆ, ಅದನ್ನ ಕರಗಿಸಿ ಮತ್ತೆ ಸರಿಯಾಗಿ ಮಡಚಿಸ್ಬೇಕು, ಅದರಲ್ಲಿರೋ ಸಿಸ್ಟೀನ್ ಅನ್ನೋ ನಾಲ್ಕು ಅಮೈನೋ ಆಸಿಡ್‌ಗಳು ಜೋಡಿ ಜೋಡಿಯಾಗಿ ಕೂಡಿ ಎರಡು ಡೈಸಲ್ಫೈಡ್ ಬಾಂಡ್ (ಗಂಧಕದ ಕೊಂಡಿ) ಆಗ್ಬೇಕು. ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರೋ ಎಂಡೋಟಾಕ್ಸಿನ್ ಅನ್ನೋ ವಿಷವನ್ನೂ ತೆಗೀಲೇಬೇಕು, ಯಾಕಂದ್ರೆ ಅದು ಚೂರು ಉಳಿದ್ರೂ ನಮ್ಮ ಜೀವಕೋಶಗಳು ತಾವೇ ಐಎಲ್-8 ಮಾಡೋಕೆ ಶುರು ಮಾಡಿ ಪ್ರಯೋಗನೇ ಕೆಡುತ್ತೆ.

ನನಗೆ ಹುಚ್ಚು ಹಿಡಿಸಿರೋ ವಿಷಯ ಮುಂದಿದೆ. ಬ್ಯಾಕ್ಟೀರಿಯಾ ಪ್ರತಿ ಪ್ರೋಟೀನನ್ನೂ ಮೆಥಿಯೋನಿನ್ ಅನ್ನೋ ಅಮೈನೋ ಆಸಿಡ್‌ನಿಂದ ಶುರು ಮಾಡುತ್ತೆ, ಆಮೇಲೆ ಕೆಲವು ಸಲ ಅದನ್ನ ಕಿತ್ತು ಹಾಕುತ್ತೆ, ಕೆಲವು ಸಲ ಇಲ್ಲ. ರ್‍ಯಾಂಟೀಸ್ ಅನ್ನೋ ಇನ್ನೊಂದು ಕೀಮೋಕೈನ್ ಇದೆ, 68 ಅಮೈನೋ ಆಸಿಡ್. ಅದರ ಮೊದಲಲ್ಲಿ ಈ ಒಂದು ಮೆಥಿಯೋನಿನ್ ಉಳಿದ್ರೆ ಏನಾಗುತ್ತೆ ಅಂತ 1996ರಲ್ಲಿ ಪ್ರಕಟ ಆಯ್ತು: ಕಣಗಳನ್ನ ಕರೆಯೋ ಪ್ರೋಟೀನೇ ಕರೆಯನ್ನ ತಡೆಯೋದಾಗಿಬಿಟ್ಟಿತ್ತು! ಕಣದ ಮೇಲೆ ಕರೆ ಹಿಡಿಯೋಕೆ ರಿಸೆಪ್ಟರ್ ಅನ್ನೋ ಪ್ರೋಟೀನ್ ಇರುತ್ತೆ, ಕೀಮೋಕೈನ್‌ನ ಮೈ ಅದರ ಹೊರಭಾಗಕ್ಕೆ ಅಂಟುತ್ತೆ, ಆದ್ರೆ ಸಿಗ್ನಲ್ ಹೊಡೆಯೋದು ಕೀಮೋಕೈನ್‌ನ ಶುರುವಿನ ತುದಿ ರಿಸೆಪ್ಟರ್ ಒಳಗಿನ ಗುಳಿಗೆ ಇಳಿದಾಗ. ತುದೀಲಿ ಒಂದು ಜಾಸ್ತಿ ಆದ್ರೆ ಅಂಟೋದು ಅಂಟುತ್ತೆ, ಸಿಗ್ನಲ್ ಇಲ್ಲ, ಜಾಗನೂ ಬಿಡಲ್ಲ, ಅಸಲಿ ರ್‍ಯಾಂಟೀಸ್ ಬಂದ್ರೂ ಕೂರೋಕಾಗಲ್ಲ. ಇದು ಅಂಟೋ ರಿಸೆಪ್ಟರ್‌ಗಳಲ್ಲಿ ಒಂದು ಸಿಸಿಆರ್5, ಎಚ್‌ಐವಿ ಜೀವಕೋಶದೊಳಗೆ ನುಗ್ಗೋಕೆ ಬಳಸೋ ಬಾಗಿಲೂ ಅದೇ ಅಂತ ಗೊತ್ತಾಗಿದ್ದೂ 1996ರಲ್ಲೇ, ಅದನ್ನ ಮುಚ್ಚೋ ಮರಾವಿರಾಕ್ ಮಾತ್ರೆ 2007ರಲ್ಲಿ ಬಂತು.

ಹಾಗಾಗಿ ಮಾನಸಗಂಗೋತ್ರಿಲೋ ಇನ್ನೆಲ್ಲೋ ಪ್ರಾಜೆಕ್ಟ್‌ಗೆ ಕೀಮೋಕೈನ್ ತರಿಸೋ ಹುಡುಗ್ರು ಹುಡುಗೀರು ರೇಟ್ ನೋಡೋ ಮೊದ್ಲು ಡೇಟಾಶೀಟಲ್ಲಿ ಸೀಕ್ವೆನ್ಸ್ (ಅಮೈನೋ ಆಸಿಡ್‌ಗಳ ಸಾಲು, ಒಂದೊಂದಕ್ಕೆ ಒಂದೊಂದು ಅಕ್ಷರ) ಯಾವ ಅಕ್ಷರದಿಂದ ಶುರು ಆಗುತ್ತೆ ನೋಡ್ಕೊಳ್ಳಿ. ರ್‍ಯಾಂಟೀಸ್ ಆದ್ರೆ ಎಸ್ (ಸೆರೀನ್) ಇರ್ಬೇಕು, ಎಂ (ಮೆಥಿಯೋನಿನ್) ಇದ್ರೆ ಆರ್ಡರ್ ಮಾಡ್ಬೇಡಿ.